ಎಲ್‌ಕೆಜಿಯಿಂದ ಹತ್ತನೇ ತನಕ ‘ದ್ವಿಭಾಷಾ’ ಶಾಲೆ ಅಂತೆ: ಉಡುಪಿ, ಮಂಗಳೂರು ಕಡೆ ಮಕ್ಕಳನ್ನು ಸೇರಿಸಿದವರು ಸ್ವಲ್ಪ ಹೇಳಿ

ಕಟಪಾಡಿ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಬರುವ ಮೇ ತಿಂಗಳಲ್ಲಿ ನಾಲ್ಕು ತುಂಬುತ್ತದೆ, ಎಲ್‌ಕೆಜಿಗೆ ಹಾಕಬೇಕು. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ವರ್ಷ ಆಗಿರಬೇಕು ಅನ್ನುವ ಲೆಕ್ಕಕ್ಕೆ ಸರಿಯಾಗಿ ಬರುತ್ತದೆ, ಅದರ ತಲೆಬಿಸಿ ಇಲ್ಲ. ತಲೆಬಿಸಿ ಭಾಷೆಯದ್ದು.

ನನ್ನದು ತುಳು, ಇವರದ್ದು ಕೊಂಕಣಿ. ನಾವಿಬ್ಬರು ಮಾತಾಡುವುದು ಕನ್ನಡದಲ್ಲಿ, ಜಗಳ ಮಾತ್ರ ಅವರವರ ಭಾಷೆಯಲ್ಲಿ. ಮಗಳು ನನ್ನ ಅಮ್ಮನ ಹತ್ತಿರ ತುಳು, ಅತ್ತೆಯ ಹತ್ತಿರ ಕೊಂಕಣಿ, ನಮ್ಮ ಹತ್ತಿರ ಕನ್ನಡ, ಮೊಬೈಲಿನ ಹತ್ತಿರ ಇಂಗ್ಲಿಷ್ ಮಾತಾಡುತ್ತಾಳೆ. ಈಗ ಉಡುಪಿ ಹತ್ತಿರ ಒಂದು ಖಾಸಗಿ ಶಾಲೆ ನೋಡಿ ಬಂದೆವು, ಹೆಸರು ಬೇಡ. ‘ಎಲ್‌ಕೆಜಿಯಿಂದ ಹತ್ತನೇ ತನಕ ಒಂದೇ ಕಂಪೌಂಡ್, ಕನ್ನಡ ಇಂಗ್ಲಿಷ್ ಎರಡರಲ್ಲೂ ಪಾಠ’ ಅಂತ ದೊಡ್ಡ ಬ್ಯಾನರ್ ಹಾಕಿದ್ದಾರೆ. ಸ್ಟೇಟ್ ಸಿಲೆಬಸ್. ಎರಡರಲ್ಲೂ ಅಂದರೆ ಹೇಗೆ ಮೇಡಂ ಅಂತ ಆಫೀಸಲ್ಲಿ ಕೇಳಿದರೆ, ‘ಎರಡೂ ಮಿಕ್ಸ್ ಮಾಡಿ ಹೇಳುತ್ತೇವೆ, ಮಕ್ಕಳಿಗೆ ಅರ್ಥ ಆಗುತ್ತದೆ’ ಅಂದರು. ಅದಕ್ಕಿಂತ ಜಾಸ್ತಿ ಹೇಳಲು ಅವರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ, ಫೀಸಿನ ಚೀಟಿ ಕೈಗೆ ಕೊಟ್ಟರು.

ಇವರಿಗೆ ಮಣಿಪಾಲದ ಕಡೆ ಸಿಬಿಎಸ್‌ಇಗೆ ಹಾಕುವ ಆಸೆ. ಅತ್ತೆಯ ಪ್ರಕಾರ ಮನೆ ಹತ್ತಿರದ ಕನ್ನಡ ಶಾಲೆಯೇ ಸಾಕು. ನನಗೆ ಮಧ್ಯದ್ದು ಬೇಕಿತ್ತು, ಆದರೆ ಈ ಮಧ್ಯದ್ದು ಅನ್ನುವುದು ನಿಜವಾಗಿ ಉಂಟಾ ಅಥವಾ ಬ್ಯಾನರಲ್ಲಿ ಮಾತ್ರವಾ?

ಸಂತೆಕಟ್ಟೆಯವ:
ಮಿಕ್ಸ್ ಅಂದರೆ ಎಂತ ಗೊತ್ತುಂಟಾ ಅಕ್ಕ? ‘ಮಕ್ಕಳೇ, ಓಪನ್ ಯುವರ್ ಬುಕ್, ಪೇಜ್ ನಂಬರ್ ಟ್ವೆಲ್ವ್ ತೆಗೀರಿ.’ ಮುಗಿಯಿತು ದ್ವಿಭಾಷೆ.

ಮಾಜಿ ಟೀಚರ್:
ನಗು ಬಂತು, ಆದರೆ ಸಂತೆಕಟ್ಟೆಯವರು ಹೇಳಿದ್ದು ಸುಳ್ಳಲ್ಲ. ನಾನು ಹದಿನಾಲ್ಕು ವರ್ಷ ಪ್ರೈಮರಿಗೆ ಪಾಠ ಮಾಡಿದವಳು, ಮೊದಲು ಅನುದಾನಿತ ಕನ್ನಡ ಶಾಲೆಯಲ್ಲಿ, ಆಮೇಲೆ ಅದೇ ಮ್ಯಾನೇಜ್ಮೆಂಟಿನವರ ಇಂಗ್ಲಿಷ್ ಮೀಡಿಯಂನಲ್ಲಿ. ಒಂದೇ ಗೇಟು, ಎರಡು ಬೋರ್ಡು. ನಮ್ಮ ಜಿಲ್ಲೆಗಳಲ್ಲಿ ಹೀಗೆ ಎಷ್ಟು ಶಾಲೆಗಳಿವೆ ಅಂತ ನಿಮಗೇ ಗೊತ್ತಲ್ಲ.

ಮಿಕ್ಸ್ ಮಾಡಿ ಹೇಳುವುದರಲ್ಲಿ ಒಂದು ತೊಂದರೆ ಉಂಟು, ಹೊರಗಿನವರಿಗೆ ಕಾಣುವುದಿಲ್ಲ. ಟೀಚರ್ ಒಂದು ವಾಕ್ಯ ಇಂಗ್ಲಿಷಲ್ಲಿ ಓದುತ್ತಾರೆ, ಕೂಡಲೇ ಅದನ್ನೇ ಕನ್ನಡದಲ್ಲಿ ಹೇಳುತ್ತಾರೆ. ಒಂದು ತಿಂಗಳಲ್ಲಿ ಮಕ್ಕಳಿಗೆ ಇದರ ಗುಟ್ಟು ಸಿಗುತ್ತದೆ. ಇಂಗ್ಲಿಷ್ ಬರುವಾಗ ಕಿಟಕಿಯಲ್ಲಿ ಹೊರಗೆ ನೋಡುವುದು, ಕನ್ನಡ ಬಂದಾಗ ತಲೆ ಎತ್ತುವುದು. ಕೊನೆಗೆ ಇಂಗ್ಲಿಷನ್ನು ಅವರು ಕೇಳಿಯೇ ಇರುವುದಿಲ್ಲ. ಪರೀಕ್ಷೆಗೆ ಬರೆಯುವುದು ಮಾತ್ರ ಇಂಗ್ಲಿಷಲ್ಲಿ. ಆಗ ಟೀಚರ್ ಎಂತ ಮಾಡುತ್ತಾರೆ? ಪ್ರಶ್ನೆ ಉತ್ತರ ಎರಡನ್ನೂ ಬೋರ್ಡಲ್ಲಿ ಬರೆದು ಬಾಯಿಪಾಠ ಮಾಡಿಸುತ್ತಾರೆ. ನಾನೂ ಮಾಡಿಸಿದ್ದೇನೆ, ಸುಮ್ನೆ ಬೇರೆಯವರ ಮೇಲೆ ಹಾಕುವುದಿಲ್ಲ. 45 ಮಕ್ಕಳ ಕ್ಲಾಸಲ್ಲಿ ಪೋರ್ಷನ್ ಮುಗಿಸಬೇಕಿತ್ತು.

ಇನ್ನೊಂದು, ಅಕ್ಷರ. ಇಂಗ್ಲಿಷಲ್ಲಿ 26 ಅಕ್ಷರ ಸಾಲಾಗಿ ನಿಂತಿರುತ್ತವೆ, ಗುರುತು ಹಿಡಿಯುವುದು ಬೇಗ ಆಗುತ್ತದೆ, ಸ್ಪೆಲ್ಲಿಂಗ್ ಮಾತ್ರ ವರ್ಷಗಟ್ಟಲೆ ಕಾಡುತ್ತದೆ. ಕನ್ನಡದ್ದು ಉಲ್ಟಾ. ತಲೆಕಟ್ಟು, ಗುಡಿಸು, ಕೊಂಬು, ಏತ್ವ, ಕೆಳಗೆ ಒತ್ತು, ಇದೆಲ್ಲ ಕೈಗೆ ಹತ್ತಲಿಕ್ಕೆ ಎರಡು ಮೂರು ವರ್ಷ ಬೇಕು, ಆದರೆ ಹತ್ತಿದ ಮೇಲೆ ಯಾವ ಪುಸ್ತಕ ಕೊಟ್ಟರೂ ಮಗು ಓದುತ್ತದೆ. ಆ ಎರಡು ಮೂರು ವರ್ಷದಲ್ಲಿ ದಿನಕ್ಕೆ ಒಂದೇ ಪಿರಿಯಡ್ ಕೊಟ್ಟರೆ ಒತ್ತಕ್ಷರದ ಹತ್ತಿರ ಬಂದು ಗಾಡಿ ನಿಲ್ಲುತ್ತದೆ. ಆರನೇ ಕ್ಲಾಸಿನ ಹುಡುಗ ‘ರಾಷ್ಟ್ರ’ ಅನ್ನುವ ಶಬ್ದದ ಎದುರು ನಿಂತು ಬೆವರುವುದನ್ನು ನೋಡಿದ್ದೇನೆ.

ಆದ್ದರಿಂದ ಶಾಲೆಗೆ ಹೋದರೆ ‘ಯಾವ ಮೀಡಿಯಂ’ ಅಂತ ಕೇಳಬೇಡಿ. ಮೂರನೇ ಕ್ಲಾಸಲ್ಲಿ ಗಣಿತದ ವಾಕ್ಯದ ಲೆಕ್ಕ ಯಾವ ಭಾಷೆಯಲ್ಲಿ ವಿವರಿಸುತ್ತೀರಿ ಅಂತ ಕೇಳಿ. ನಾಲ್ಕನೇ ಕ್ಲಾಸಿನ ನೋಟ್ಸ್ ಪುಸ್ತಕ ಕೊಡಿ ಅನ್ನಿ, ಅದರಲ್ಲಿ ಮಗು ಸ್ವಂತ ಬರೆದ ಒಂದು ಪುಟ ಹುಡುಕಿ. ಬೋರ್ಡ್ ನೋಡಿ ಬರೆದದ್ದು ಲೆಕ್ಕಕ್ಕಿಲ್ಲ.

ಕದ್ರಿ ಗುಡ್ಡೆ:
ಟೀಚರ್ ಹೇಳಿದ್ದು ಒಪ್ಪಿದೆ, ಆದರೆ ನನ್ನದು ನೇರ ಮಾತು. ನಮ್ಮ ಊರಲ್ಲಿ ಕನ್ನಡ ಯಾರ ಮಾತೃಭಾಷೆ? ನನ್ನ ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಕೊಂಕಣಿ, ಕೆಳಗಿನ ಮನೆಯಲ್ಲಿ ಮಲಯಾಳ. 2011ರ ಜನಗಣತಿಯಲ್ಲಿ ತುಳು ಮಾತಾಡುವವರೇ 18 ಲಕ್ಷಕ್ಕೂ ಹೆಚ್ಚು. ಅವರಿಗೆಲ್ಲ ಕನ್ನಡವೂ ಶಾಲೆಯಲ್ಲಿ ಕಲಿತ ಭಾಷೆ, ಇಂಗ್ಲಿಷೂ ಶಾಲೆಯಲ್ಲಿ ಕಲಿತ ಭಾಷೆ. ಎರಡೂ ಹೊರಗಿನದ್ದೇ ಅಂದ ಮೇಲೆ ಹೊಟ್ಟೆಗೆ ಅನ್ನ ಕೊಡುವ ಭಾಷೆಯನ್ನು ಮೊದಲು ಕಲಿಸುವುದು ತಪ್ಪಾ? ನಾನು ಬೆಂಗಳೂರಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ, ಇಂಟರ್ವ್ಯೂನಲ್ಲಿ ಯಾರೂ ನನ್ನ ಹತ್ತಿರ ಒತ್ತಕ್ಷರ ಕೇಳಲಿಲ್ಲ. ಮಗ ಸಿಬಿಎಸ್‌ಇಯಲ್ಲಿ ಎರಡನೇ ಕ್ಲಾಸ್, ಮಾತಾಡಲು ಕನ್ನಡ ಬರುತ್ತದೆ, ಸಾಕು.

ಬ್ರಹ್ಮಾವರ ಪೇಟೆ:
ನಿಮ್ಮ ಮಗನನ್ನು ಒಮ್ಮೆ ನಮ್ಮ ಅಂಗಡಿಗೆ ಕಳಿಸಿ ಸರ್. ನನ್ನದು ಜೀನಸು ಅಂಗಡಿ. ಈಗಿನ ಮಕ್ಕಳಿಗೆ ‘ಎಪ್ಪತ್ತೆಂಟು ರೂಪಾಯಿ ಆಯಿತು ಮಗಾ’ ಅಂದರೆ ಮುಖ ನೋಡುತ್ತಾರೆ. ಎಪ್ಪತ್ತು, ಎಂಬತ್ತು, ತೊಂಬತ್ತು, ಈ ಮೂರರಲ್ಲಿ ಯಾವುದು ಯಾವುದು ಅಂತ ಗೊತ್ತಿಲ್ಲ. ನೂರರ ನೋಟು ಹಿಡಿದುಕೊಂಡು ‘ಅಂಕಲ್ ಇಂಗ್ಲಿಷಲ್ಲಿ ಹೇಳಿ’ ಅನ್ನುತ್ತಾರೆ. ಸರಿ, ಸೆವೆಂಟಿ ಏಟ್ ಅನ್ನುತ್ತೇನೆ. ಚಿಲ್ಲರೆ ಎಷ್ಟು ಬರಬೇಕು ಅಂದರೆ ಅದೂ ಗೊತ್ತಿಲ್ಲ. ಭಾಷೆಯ ದೋಷವಾ ಲೆಕ್ಕದ ದೋಷವಾ ನನಗೆ ತಿಳಿಯದು. ಎರಡೂ ಒಟ್ಟಿಗೆ ಬರುತ್ತವೆ ಅಂತ ಮಾತ್ರ ನೋಡಿದ್ದೇನೆ.

ಉಳ್ಳಾಲ ಬ್ಯಾರಿ:
ದ್ವಿಭಾಷೆ ಅಂತ ಎಲ್ಲರೂ ಇಷ್ಟು ತಲೆ ಕೆಡಿಸಿಕೊಳ್ಳುವುದು ನೋಡಿದರೆ ನಮ್ಮ ಮನೆಗೆ ಪ್ರಶಸ್ತಿ ಕೊಡಬೇಕು. ಮಗಳು ಬೆಳಿಗ್ಗೆ ಮದ್ರಸದಲ್ಲಿ ಅರಬಿ ಓದುತ್ತಾಳೆ, ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಇಂಗ್ಲಿಷ್, ಕನ್ನಡ, ಹಿಂದಿ, ಆಟದ ಮೈದಾನದಲ್ಲಿ ತುಳು. ಐದನೇ ಕ್ಲಾಸ್. ಮಾತಿಗೆ ಎಲ್ಲವೂ ಬರುತ್ತದೆ. ಆದರೆ ಒಂದು ಕಥೆ ಪುಸ್ತಕ ಕೊಟ್ಟು ಮೂಲೆಯಲ್ಲಿ ಕೂರಿಸಿದರೆ ಯಾವ ಭಾಷೆಯದ್ದನ್ನೂ ಕೊನೆ ತನಕ ಓದುವುದಿಲ್ಲ. ನನಗೆ ಚಿಂತೆ ಅದೊಂದೇ. ಟೀಚರ್ ಹೇಳಿದ ಪುಟದ ವಿಷಯ ಓದಿ ಹೊಟ್ಟೆಯಲ್ಲಿ ಒಂಥರಾ ಆಯಿತು, ನಾಳೆಯೇ ನೋಟ್ಸ್ ತೆಗೆದು ನೋಡಬೇಕು.

ಮಾಷ್ಟ್ರು, ಪುತ್ತೂರು:
ನಿವೃತ್ತನಾಗಿ ಒಂಬತ್ತು ವರ್ಷ ಆಯಿತು, ಆದರೂ ಶಾಲೆ ಮಾತು ಬಂದರೆ ಸುಮ್ಮನಿರಲು ಆಗುವುದಿಲ್ಲ. ಈ ‘ಮಿಕ್ಸ್’ ಎಲ್ಲಿಂದ ಬಂತು ಅಂತ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

1994ರಲ್ಲಿ ಸರಕಾರ ಒಂದು ಆದೇಶ ಮಾಡಿತು. ಒಂದರಿಂದ ನಾಲ್ಕನೇ ತರಗತಿ ತನಕ ಮಾತೃಭಾಷೆ ಅಥವಾ ಕನ್ನಡದಲ್ಲೇ ಪಾಠ ಆಗಬೇಕು, ಹೊಸ ಶಾಲೆಗಳಿಗೆ ಅನುಮತಿ ಅದಕ್ಕೆ ಒಪ್ಪಿದರೆ ಮಾತ್ರ. ಖಾಸಗಿಯವರು ಕೋರ್ಟಿಗೆ ಹೋದರು. ಕೇಸು ನಡೆಯುತ್ತಾ ಇತ್ತು, ಇತ್ತ ಕನ್ನಡ ಮಾಧ್ಯಮಕ್ಕೆ ಅಂತ ಅನುಮತಿ ತೆಗೆದುಕೊಂಡು ಒಳಗೆ ಇಂಗ್ಲಿಷ್ ನಡೆಸುವ ಶಾಲೆಗಳು ಹುಟ್ಟಿಕೊಂಡವು. ಇನ್‌ಸ್ಪೆಕ್ಟರು ಬರುವ ದಿನ ಕನ್ನಡ ಪುಸ್ತಕ ಬೆಂಚಿನ ಮೇಲೆ, ಉಳಿದ ದಿನ ಬ್ಯಾಗಿನ ಒಳಗೆ. ಕಾಗದದಲ್ಲಿ ಒಂದು, ಕ್ಲಾಸಲ್ಲಿ ಒಂದು ಅನ್ನುವ ಅಭ್ಯಾಸ ಅಲ್ಲಿ ಶುರುವಾದದ್ದು. 2008ರಲ್ಲಿ ಹೈಕೋರ್ಟು ಖಾಸಗಿ ಶಾಲೆಗಳ ಕಡೆ ತೀರ್ಪು ಕೊಟ್ಟಿತು. 2014ರ ಮೇ 6ಕ್ಕೆ ಸುಪ್ರೀಂ ಕೋರ್ಟಿನ ಐದು ಜನ ನ್ಯಾಯಮೂರ್ತಿಗಳ ಪೀಠವೂ ಅದನ್ನೇ ಹೇಳಿತು, ಸರಕಾರ ಮಾಧ್ಯಮವನ್ನು ಹೇರುವ ಹಾಗಿಲ್ಲ ಅಂತ. ಮಗುವಿನ ಮಾತೃಭಾಷೆ ಯಾವುದು ಅಂತ ತೀರ್ಮಾನಿಸುವವರು ಹೆತ್ತವರು ಅಂತಲೂ ಆ ತೀರ್ಪಲ್ಲಿ ಉಂಟು.

ಮಾಧ್ಯಮ ಕೈಯಿಂದ ಹೋದ ಮೇಲೆ ಸರಕಾರ ಭಾಷೆ ಹಿಡಿದುಕೊಂಡಿತು. 2015ರ ಕನ್ನಡ ಕಲಿಕೆ ಕಾಯಿದೆ ಬಂತು. ಸಿಬಿಎಸ್‌ಇ ಆಗಲಿ ಐಸಿಎಸ್‌ಇ ಆಗಲಿ, ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಬೇಕು. ಕದ್ರಿಯವರೇ, ಹಾಗಾಗಿ ನಿಮ್ಮ ಮಗನೂ ಕಲಿಯುತ್ತಾ ಇರಬೇಕು, ಒಮ್ಮೆ ಅವನ ಪುಸ್ತಕ ನೋಡಿ. ಇನ್ನು ತಮಾಷೆ ಎಂತ ಅಂದರೆ 2019ರಲ್ಲಿ ಸರಕಾರವೇ ತನ್ನ 1000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿತು. ಇಪ್ಪತ್ತೈದು ವರ್ಷ ಬೇಡ ಅಂದದ್ದನ್ನು ತಾನೇ ಬಡಿಸಿದ ಹಾಗೆ.

ಕಟಪಾಡಿ ಅಮ್ಮ:
ಮಾಷ್ಟ್ರೇ, ಮಾತೃಭಾಷೆ ಯಾವುದು ಅಂತ ಹೆತ್ತವರು ತೀರ್ಮಾನ ಮಾಡಬೇಕು ಅಂದರೆ ನಮ್ಮ ಮನೆಯಲ್ಲಿ ಇನ್ನೊಂದು ಜಗಳ ಗ್ಯಾರಂಟಿ.

ಟೀಚರ್, ನಾಡಿದ್ದು ಶನಿವಾರ ಪುನಃ ಹೋಗುತ್ತೇನೆ, ನೋಟ್ಸ್ ಕೇಳುತ್ತೇನೆ. ಕೊಡದಿದ್ದರೆ?

ಮಾಜಿ ಟೀಚರ್:
ಕೊಡದಿದ್ದರೆ ಅದೂ ಒಂದು ಉತ್ತರವೇ ಅಲ್ವಾ.

ಮಾತಿನ ಡಾಕ್ಟರಮ್ಮ:
ನಾನು ಮಣಿಪಾಲದಲ್ಲಿ ಓದಿ ಈಗ ಮಂಗಳೂರಲ್ಲಿ ಸ್ಪೀಚ್ ಥೆರಪಿ ಮಾಡುವವಳು. ‘ಮನೆಯಲ್ಲಿ ಮೂರು ಭಾಷೆ ಆದದ್ದರಿಂದ ಮಗುವಿಗೆ ಮಾತು ತಡವಾಯಿತು, ಒಂದೇ ಭಾಷೆ ಮಾತಾಡಿ ಅಂತ ಶಾಲೆಯಲ್ಲಿ ಹೇಳಿದರು’ ಅಂತ ವಾರಕ್ಕೆ ಇಬ್ಬರಾದರೂ ಬರುತ್ತಾರೆ. ದಯವಿಟ್ಟು ಅದನ್ನು ನಂಬಬೇಡಿ. ಹೆಚ್ಚು ಭಾಷೆ ಕೇಳಿದ್ದರಿಂದ ಮಾತು ತಡ ಆಗುವುದಿಲ್ಲ. ಮಗು ಒಂದೇ ವಾಕ್ಯದಲ್ಲಿ ತುಳು ಕನ್ನಡ ಸೇರಿಸಿದರೆ ಅದು ರೋಗ ಅಲ್ಲ, ಕೈಗೆ ಸಿಕ್ಕಿದ್ದನ್ನು ಬಳಸುತ್ತಾ ಇದೆ ಅಷ್ಟೆ. ಅಜ್ಜಿಯ ತುಳು ನಿಲ್ಲಿಸಿ ಮನೆಯವರೆಲ್ಲ ಮುರುಕು ಇಂಗ್ಲಿಷ್ ಮಾತಾಡಲು ಶುರು ಮಾಡುತ್ತಾರಲ್ಲ, ಅದರಿಂದ ಮಗುವಿಗೆ ನಷ್ಟವೇ ಜಾಸ್ತಿ.

ಶಾಲೆಯ ವಿಷಯಕ್ಕೆ ಬಂದರೆ, ಕೆನಡಾದ ಜಿಮ್ ಕಮಿನ್ಸ್ ಅನ್ನುವವರು ಒಂದು ಮುಖ್ಯ ವ್ಯತ್ಯಾಸ ತೋರಿಸಿದ್ದಾರೆ. ಮಾತಾಡುವ ಭಾಷೆ ಬೇರೆ, ಪಾಠ ಓದಿ ಯೋಚಿಸುವ ಭಾಷೆ ಬೇರೆ. ಮೊದಲನೆಯದು ಹೊಸ ಭಾಷೆಯಲ್ಲಿ ಒಂದೆರಡು ವರ್ಷದಲ್ಲಿ ಬರುತ್ತದೆ. ಎರಡನೆಯದಕ್ಕೆ ಐದರಿಂದ ಏಳು ವರ್ಷ ಬೇಕಾಗಬಹುದು. ಯುಕೆಜಿಯ ಮಗು ‘ಮೇ ಐ ಗೋ ಟು ಟಾಯ್ಲೆಟ್’ ಅಂದ ಕೂಡಲೇ ಇಂಗ್ಲಿಷ್ ಬಂತು ಅಂತ ಖುಷಿ ಪಡುತ್ತೇವೆ. ಮೂರನೇ ಕ್ಲಾಸಲ್ಲಿ ವಿಜ್ಞಾನ ಅರ್ಥ ಆಗದಿದ್ದಾಗ ‘ಇಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಾನೆ, ಓದುವುದಕ್ಕೆ ಮಾತ್ರ ಸೋಮಾರಿ’ ಅಂತ ಬೈಯುತ್ತೇವೆ. ಸೋಮಾರಿ ಅಲ್ಲ ಅವನು. ಇನ್ನೊಂದು ಸಂಗತಿ, ಒಂದು ಭಾಷೆಯಲ್ಲಿ ಗಟ್ಟಿಯಾಗಿ ಓದಲು ಕಲಿತರೆ ಆ ಸಾಮರ್ಥ್ಯ ಇನ್ನೊಂದು ಭಾಷೆಗೂ ಬರುತ್ತದೆ. ಭಿನ್ನರಾಶಿ ಒಮ್ಮೆ ಅರ್ಥ ಆದರೆ ಆಯಿತು, ಇಂಗ್ಲಿಷಲ್ಲಿ ಅದರ ಹೆಸರು ಮಾತ್ರ ಕಲಿಯಬೇಕು.

ಕದ್ರಿ ಗುಡ್ಡೆ:
ಅದೇ ಕೆನಡಾದಲ್ಲಿ ಇಂಗ್ಲಿಷ್ ಮನೆಯ ಮಕ್ಕಳನ್ನು ಪೂರ್ತಿ ಫ್ರೆಂಚಲ್ಲೇ ಕಲಿಸಿ ಯಶಸ್ವಿ ಆದದ್ದೂ ಉಂಟಲ್ಲ ಮೇಡಂ? ಎಲ್ಲೋ ಓದಿದ ನೆನಪು. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು?

ಮಾತಿನ ಡಾಕ್ಟರಮ್ಮ:
ಹೌದು, ಮಾಂಟ್ರಿಯಲ್ ಹತ್ತಿರದ ಸೇಂಟ್ ಲ್ಯಾಂಬರ್ಟ್‌ನಲ್ಲಿ, 1965ರಲ್ಲಿ ಶುರುವಾದದ್ದು. ಹೆತ್ತವರೇ ಹಠ ಹಿಡಿದು ಮಾಡಿಸಿದರು. ಕಿಂಡರ್‌ಗಾರ್ಟನ್‌ನಿಂದ ಫ್ರೆಂಚ್. ಆದರೆ ಅಲ್ಲಿ ಟೀಚರಿಗೆ ಫ್ರೆಂಚ್ ನೀರು ಕುಡಿದ ಹಾಗೆ. ಮತ್ತೆ ಆ ಮಕ್ಕಳ ಮನೆಯಲ್ಲಿ ಇಂಗ್ಲಿಷ್ ಪುಸ್ತಕ, ಪೇಪರ್, ಟಿವಿ ಎಲ್ಲ ಇತ್ತು, ಎರಡನೇ ಕ್ಲಾಸಿನ ಹೊತ್ತಿಗೆ ಶಾಲೆಯಲ್ಲೂ ಇಂಗ್ಲಿಷ್ ಓದು ಸೇರಿಸಿದರು. ಮನೆಯ ಭಾಷೆ ಕಳೆದುಹೋಗುವ ಭಯ ಇರಲಿಲ್ಲ. ನಮ್ಮಲ್ಲಿ ಎಲ್‌ಕೆಜಿ ಟೀಚರಿಗೇ ಇಂಗ್ಲಿಷಲ್ಲಿ ಒಂದು ಕಥೆ ಹೇಳಲು ಕಷ್ಟ. ಅವರ ತಪ್ಪಲ್ಲ ಅದು, ಕೊಡುವ ಸಂಬಳ ನೋಡಿ.

ಸಂತೆಕಟ್ಟೆಯವ:
ಸಂಬಳದ ವಿಷಯ ತೆಗೆಯಬೇಡಿ ಮೇಡಂ. ಆ ಚರ್ಚೆ ಶುರುವಾದರೆ ಬೇರೆ ಎಳೆಯೇ ಬೇಕು.

ಬೆಳ್ತಂಗಡಿ ಎಕ್ಸ್‌ಪ್ರೆಸ್:
ಹತ್ತನೇ ತನಕ ಪೂರ್ತಿ ಕನ್ನಡ ಮೀಡಿಯಂ ಓದಿದವನು ನಾನು, ಈಗ ಇಂಜಿನಿಯರ್. ‘ನೋಡಿ, ಕನ್ನಡದಲ್ಲಿ ಓದಿಯೂ ಮೇಲೆ ಬಂದ’ ಅಂತ ನನ್ನನ್ನು ಶಾಲೆಯ ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿ ತೋರಿಸುತ್ತಾರೆ. ಶಾಲು ಒಳ್ಳೆಯದೇ. ಆದರೆ ಪಿಯುಸಿಯ ಮೊದಲ ಆರು ತಿಂಗಳ ಕಥೆ ಅಲ್ಲಿ ಯಾರೂ ಕೇಳುವುದಿಲ್ಲ.

ಮಂಗಳೂರಲ್ಲಿ ಸೈನ್ಸ್ ತೆಗೆದುಕೊಂಡೆ. ಮೊದಲ ವಾರ ಫಿಸಿಕ್ಸ್ ಲೆಕ್ಚರರ್ ‘ಆಕ್ಸಿಲರೇಷನ್’ ಅಂತ ಹೇಳುತ್ತಾ ಹೋದರು, ಎಲ್ಲರೂ ತಲೆ ಆಡಿಸಿದರು, ನಾನೂ ಆಡಿಸಿದೆ. ಮೂರನೇ ದಿನ ಬೋರ್ಡಲ್ಲಿ ಸೂತ್ರ ಬರೆದಾಗ ಗೊತ್ತಾಯಿತು, ಅಯ್ಯೋ ಇದು ನಮ್ಮ ವೇಗೋತ್ಕರ್ಷ ಮಾರಾಯ್ರೇ! ಒಂಬತ್ತನೇ ಕ್ಲಾಸಲ್ಲಿ ಅದರ ಮೇಲೆ ಎಷ್ಟು ಲೆಕ್ಕ ಮಾಡಿದ್ದೆ ನಾನು. ಆ ದಿನ ಒಂದು ಇನ್ನೂರು ಪುಟದ ಪುಸ್ತಕ ತಂದು ಮೂರು ಗೆರೆ ಎಳೆದೆ. ಒಂದು ಕಡೆ ಇಂಗ್ಲಿಷ್ ಶಬ್ದ, ಮಧ್ಯ ಅದನ್ನು ಹೇಳುವ ರೀತಿ ಕನ್ನಡ ಅಕ್ಷರದಲ್ಲಿ, ಕೊನೆಗೆ ಅರ್ಥ. ಮೊಮೆಂಟಮ್, ಸಂವೇಗ. ಇನರ್ಷಿಯಾ, ಜಡತ್ವ. ಕ್ಲೋರೋಫಿಲ್, ಪತ್ರಹರಿತ್ತು. ಡಿಸೆಂಬರ್ ಹೊತ್ತಿಗೆ ಆ ಪುಸ್ತಕ ಬರೆಯುವುದು ತನ್ನಿಂದ ತಾನೇ ನಿಂತಿತು, ಬೇಕಾಗಲಿಲ್ಲ. ಆದರೆ ನಮ್ಮ ಊರಿಂದ ಒಟ್ಟಿಗೆ ಬಂದ ಇಬ್ಬರು ಅಷ್ಟರಲ್ಲಿ ಕಾಮರ್ಸಿಗೆ ಹೋಗಿಯಾಗಿತ್ತು. ಅವರು ನನಗಿಂತ ದಡ್ಡರಲ್ಲ, ಒಬ್ಬನಂತೂ ಗಣಿತದಲ್ಲಿ ನನ್ನ ಅಪ್ಪ.

ನನ್ನ ಸಿಟ್ಟು ಕನ್ನಡದ ಮೇಲಲ್ಲ. ಆ ಮೂರು ಗೆರೆಯ ಪುಸ್ತಕ ಎಂಟನೇ ಕ್ಲಾಸಲ್ಲಿ ನನ್ನ ಶಾಲೆಯೇ ಕೊಡಬಹುದಿತ್ತಲ್ಲ? ಯಾರಿಗೂ ಹೊಳೆಯಲಿಲ್ಲ. ಆಂಧ್ರದಲ್ಲಿ ಈಗ ಸರಕಾರಿ ಪಠ್ಯಪುಸ್ತಕದ ಒಂದು ಪುಟದಲ್ಲಿ ಇಂಗ್ಲಿಷ್, ಎದುರಿನ ಪುಟದಲ್ಲಿ ಅದೇ ಪಾಠ ತೆಲುಗಿನಲ್ಲಿ ಇರುತ್ತದೆ. ಹೈದರಾಬಾದಲ್ಲಿ ನನ್ನ ರೂಮ್‌ಮೇಟ್ ಊರಿಂದ ತಮ್ಮನ ಪುಸ್ತಕ ತಂದು ತೋರಿಸಿದಾಗ ಹೊಟ್ಟೆ ಉರಿಯಿತು.

ನೀಟ್ 2017ರಿಂದ, ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ಬರೆಯಬಹುದು, ನಿಜ. ಎರಡು ವರ್ಷ ಪಾಠ ಇಂಗ್ಲಿಷಲ್ಲಿ ಕೇಳಿ ಪರೀಕ್ಷೆ ಮಾತ್ರ ಕನ್ನಡದಲ್ಲಿ ಬರೆಯುವ ಧೈರ್ಯ ಯಾರಿಗಿದೆ ಹೇಳಿ.

ಸುರತ್ಕಲ್ ತಾಯಿ:
ಕಟಪಾಡಿ ಅಕ್ಕ, ನೀವು ಕೇಳಿದ್ದು ಎಲ್‌ಕೆಜಿಯದ್ದು, ನಾನು ಹೇಳುವುದು ಎಂಟನೇ ಕ್ಲಾಸಿನದ್ದು. ಹತ್ತನೇ ತನಕ ಅಂತ ಬ್ಯಾನರಲ್ಲಿ ಉಂಟಲ್ಲ, ಅದಕ್ಕೆ.

ನನ್ನ ಮಗನೂ ಇಂಥದ್ದೇ ಎರಡು ಭಾಷೆಯ ಶಾಲೆ. ನಾಲ್ಕನೇ ತನಕ ಚೆನ್ನಾಗಿತ್ತು, ಮಳೆಗಾಲದ ಬಗ್ಗೆ ಕನ್ನಡದಲ್ಲಿ ಅರ್ಧ ಪುಟ ಬರೆದು ಮನೆಗೆ ತಂದಿದ್ದ, ಈಗಲೂ ಕಪಾಟಲ್ಲಿ ಉಂಟು. ಐದನೇ ಕ್ಲಾಸಿಗೆ ಒಂದು ಮಾತೂ ಹೇಳದೆ ಎಲ್ಲವನ್ನೂ ಇಂಗ್ಲಿಷ್ ಮಾಡಿದರು. ಟೀಚರ್ ಬಿಟ್ಟು ಹೋದರು, ಹೊಸಬರಿಗೆ ಕನ್ನಡದಲ್ಲಿ ವಿಜ್ಞಾನ ಹೇಳಲು ಬರುವುದಿಲ್ಲ, ಕಾರಣ ಇಷ್ಟೇ. ಎಂಟನೇ ಕ್ಲಾಸಲ್ಲಿ ಮೀಟಿಂಗ್ ಕರೆದು ‘ಮೊದಲ ಭಾಷೆ ಸಂಸ್ಕೃತ ತೆಗೆದುಕೊಳ್ಳಿ, 125ಕ್ಕೆ 125 ಬರುತ್ತದೆ’ ಅಂದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಎಸ್ಸೆಸ್ಸೆಲ್ಸಿ ಒಟ್ಟು 625, ಮೊದಲ ಭಾಷೆಗೆ ಮಾತ್ರ 125, ಉಳಿದ ಐದಕ್ಕೆ ನೂರು ನೂರು. ಹಾಗಾಗಿ ಎಲ್ಲರ ಕಣ್ಣು ಆ 125ರ ಮೇಲೆ. ಕನ್ನಡ ಅಲ್ಲಿಂದ ಜಾರಿ ನೂರರ ಜಾಗಕ್ಕೆ ಬಂತು, ಪುಸ್ತಕವೂ ತೆಳ್ಳಗಾಯಿತು. ಮೀಟಿಂಗಲ್ಲಿ ಕೈ ಎತ್ತಿ ಬೇಡ ಅಂದವರು ಇಬ್ಬರು. ನಾನು ಎತ್ತಲಿಲ್ಲ. ಮಾರ್ಕು ಅಂದರೆ ಮಾರ್ಕು, ಸುಳ್ಳು ಯಾಕೆ ಹೇಳಲಿ. 2024ರಲ್ಲಿ ಉಡುಪಿ ರಾಜ್ಯಕ್ಕೆ ಮೊದಲು, 2025ರಲ್ಲಿ ದಕ್ಷಿಣ ಕನ್ನಡ ಮೊದಲು ಅಂತ ನಾವೆಲ್ಲ ಸ್ಟೇಟಸ್ ಹಾಕಿಕೊಂಡೆವಲ್ಲ, ಆ ರೇಸಲ್ಲಿ ನಾವೂ ಓಡುವವರೇ.

ಅದೇ ಎಸ್ಸೆಸ್ಸೆಲ್ಸಿಯಲ್ಲಿ ಮೂರನೇ ಭಾಷೆಯಾಗಿ ತುಳು, ಕೊಂಕಣಿ ತೆಗೆದುಕೊಳ್ಳಲು ಅವಕಾಶ ಉಂಟು ಅಂತ ಆ ಮೀಟಿಂಗಲ್ಲಿ ಒಬ್ಬರೂ ಹೇಳಲಿಲ್ಲ. ಆಮೇಲೆ ಪೇಪರಲ್ಲಿ ಓದಿ ಗೊತ್ತಾಯಿತು.

ಮಾಷ್ಟ್ರು, ಪುತ್ತೂರು:
ಸುರತ್ಕಲ್ ತಾಯಿ ಹೇಳಿದ್ದೇ ಇಡೀ ವಿಷಯದ ಬೇರು. ದ್ವಿಭಾಷಾ ಶಾಲೆ ಅಂದರೆ ಯಾವ ವಿಷಯ, ಯಾವ ಭಾಷೆಯಲ್ಲಿ, ಯಾವ ತರಗತಿ ತನಕ, ಯಾವಾಗ ಬದಲಾಗುತ್ತದೆ, ಇದನ್ನು ಬರೆದು ಕೊಡುವ ಶಾಲೆ. ಬರೆದು ಕೊಡದಿದ್ದರೆ ಅದು ಟೀಚರ್ ಬದಲಾದ ಹಾಗೆ ಬದಲಾಗುತ್ತದೆ.

ಇನ್ನೊಂದು. ಕನ್ನಡ ಶಾಲೆ ಅಂದರೆ ಸೋರುವ ಹೆಂಚು ಅಂತ ಯಾರೂ ತಿಳಿಯಬೇಡಿ. ಮೂಡುಬಿದಿರೆಯಲ್ಲಿ ಆಳ್ವಾಸ್‌ನವರ ಕನ್ನಡ ಮಾಧ್ಯಮ ಶಾಲೆಗೆ ಪ್ರವೇಶ ಪರೀಕ್ಷೆ ಬರೆದು ಸೇರಬೇಕು, ಫೀಸಿಲ್ಲ. ಬಂಟ್ವಾಳದ ದಡ್ಡಲಕಾಡು ಸರಕಾರಿ ಶಾಲೆ ಮುಚ್ಚುವ ಹಾಗೆ ಇದ್ದದ್ದು, ಊರಿನ ಯುವಕರು ನಿಂತು ಎಲ್‌ಕೆಜಿ, ಇಂಗ್ಲಿಷ್ ಕಲಿಕೆ, ವಾಹನ ಎಲ್ಲ ಸೇರಿಸಿದರು, ಮಕ್ಕಳು ವಾಪಸ್ ಬಂದರು. ಕನ್ನಡ ಉಳಿಸಲು ಅವರು ಇಂಗ್ಲಿಷನ್ನು ಬೈಯುತ್ತಾ ಕೂರಲಿಲ್ಲ. ನಮ್ಮ ಮಂಗಳೂರಲ್ಲೇ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಅಚ್ಚಾದದ್ದು, ಅದನ್ನು ಮಾಡಿದ್ದು ಒಬ್ಬ ಜರ್ಮನ್ ಪಾದ್ರಿ. ಎರಡು ಭಾಷೆ ಇಟ್ಟುಕೊಂಡು ಬದುಕುವುದು ಈ ಊರಿಗೆ ಹೊಸತೇನಲ್ಲ.

ಉಳ್ಳಾಲ ಬ್ಯಾರಿ:
ನೋಟ್ಸ್ ನೋಡಿದೆ. ಕನ್ನಡದ್ದರಲ್ಲಿ ಸ್ವಂತ ಬರೆದದ್ದು ಒಂದೂ ಇಲ್ಲ. ಇಂಗ್ಲಿಷಿನದ್ದರಲ್ಲಿ ‘ಮೈ ಮದರ್’ ಅಂತ ಒಂದು ಉಂಟು, ಅದರಲ್ಲಿ ನನ್ನ ಹೆಂಡತಿ ಟೀಚರ್ ಅಂತ ಬರೆದಿದ್ದಾಳೆ. ಅವಳು ಬೀಡಿ ಕಟ್ಟುವುದು. ಕೇಳಿದೆ, ಯಾಕೆ ಮಗಳೇ ಅಂತ. ‘ಬೋರ್ಡಲ್ಲಿ ಹಾಗೇ ಇತ್ತು ಬಾಪಾ’ ಅಂದಳು.

ಈಗ ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ ಕನ್ನಡ ಪೇಪರು ಜೋರಾಗಿ ಓದಿಸುತ್ತಾ ಇದ್ದೇನೆ. ಕ್ರೀಡಾ ಪುಟ ಮಾತ್ರ ಓದುತ್ತಾಳೆ, ಇರಲಿ.

ಕದ್ರಿ ಗುಡ್ಡೆ:
ಮಾಷ್ಟ್ರು ಹೇಳಿದರು ಅಂತ ಮಗನ ಕನ್ನಡ ಪುಸ್ತಕ ತೆಗೆದೆ. ಇಡೀ ಪುಟ ‘ಕ’ ಕಾಗುಣಿತ, ಮೂರು ಸಲ. ಕೆ ಕೇ ಕೈ ಓದು ಅಂದರೆ ಮೊದಲಿಂದ ಹಾಡಿಕೊಂಡು ಬಂದು ಅಲ್ಲಿ ನಿಲ್ಲುತ್ತಾನೆ. ‘ಕೈ’ ಒಂದನ್ನೇ ಬೆರಳಿಟ್ಟು ತೋರಿಸಿದರೆ ಗೊತ್ತಿಲ್ಲ. ನಾನು ಸೋತೆ ಅಂತ ಹೇಳುತ್ತಾ ಇಲ್ಲ, ಸುಮ್ನೆ ಹೇಳಿದೆ.

ಕಟಪಾಡಿ ಅಮ್ಮ:
ಹೋಗಿ ಬಂದೆ, ಬರೆಯಲು ತಡವಾಯಿತು.

ಬ್ಯಾನರಿನ ಶಾಲೆಯಲ್ಲಿ ನೋಟ್ಸ್ ಕೊಟ್ಟರು, ಬೇಸರ ಮಾಡಲಿಲ್ಲ. ನಾಲ್ಕನೇ ಕ್ಲಾಸಿನ ಪರಿಸರ ಅಧ್ಯಯನದ್ದು, ಒಂದು ಕಟ್ಟು. ಮೂರು ಪುಸ್ತಕ ತೆರೆದೆ. ಮೂರರಲ್ಲೂ ಒಂದೇ ಉತ್ತರ, ಅಕ್ಷರಕ್ಕೆ ಅಕ್ಷರ. ‘ಸಂರಕ್ಷಣೆ’ ಅನ್ನುವುದನ್ನು ಮೂವರೂ ‘ಸಂರಕ್ಶಣೆ’ ಅಂತ ಬರೆದಿದ್ದಾರೆ, ಮೂರಕ್ಕೂ ಕೆಂಪು ಶಾಯಿಯಲ್ಲಿ ಸರಿ ಗುರುತು. ಟೀಚರ್ ಹೇಳಿದ ಹಾಗೆಯೇ. ಮೂರನೇ ಕ್ಲಾಸಿನ ಗಣಿತ ಯಾವ ಭಾಷೆಯಲ್ಲಿ ಅಂತ ಕೇಳಿದೆ, ಪುನಃ ‘ಮಿಕ್ಸ್’ ಬಂತು. ಇವರು ಪಕ್ಕದಲ್ಲಿ ನಿಂತು ನಗು ತಡೆದುಕೊಂಡದ್ದು ನನಗೆ ಮಾತ್ರ ಗೊತ್ತು.

ಆಮೇಲೆ ಗೆಳತಿಯೊಬ್ಬಳು ಹೇಳಿದಳು ಅಂತ ಇನ್ನೊಂದು ಸಣ್ಣ ಶಾಲೆಗೆ ಹೋದೆವು. ಹಳೆ ಹೆಂಚಿನ ಕಟ್ಟಡ, ಅಂಗಳದಲ್ಲಿ ಒಂದು ಹಲಸಿನ ಮರ, ಬ್ಯಾನರ್ ಇಲ್ಲ. ಹೆಡ್‌ಮಿಸ್ ಒಂದು ಹಾಳೆ ತೆಗೆದು ಕೊಟ್ಟರು. ನಾಲ್ಕನೇ ತನಕ ಗಣಿತ, ಪರಿಸರ ಕನ್ನಡದಲ್ಲಿ. ಇಂಗ್ಲಿಷ್ ದಿನಕ್ಕೆ ಎರಡು ಪಿರಿಯಡ್, ಒಂದು ಪೂರ್ತಿ ಮಾತು ಮತ್ತು ಕಥೆ, ಆ ಟೀಚರ್ ಆ ಹೊತ್ತಲ್ಲಿ ಕನ್ನಡ ಮಾತಾಡುವ ಹಾಗಿಲ್ಲ. ಮೂರನೇ ಕ್ಲಾಸಿಂದ ಗಣಿತದ ಶಬ್ದಗಳ ಇಂಗ್ಲಿಷ್ ಪಟ್ಟಿ ಗೋಡೆಯಲ್ಲಿ. ಐದರಿಂದ ಗಣಿತ ವಿಜ್ಞಾನ ಇಂಗ್ಲಿಷಲ್ಲಿ, ಸಮಾಜ ಏಳರ ತನಕ ಕನ್ನಡದಲ್ಲಿ. ಹತ್ತನೇ ತನಕ ಮೊದಲ ಭಾಷೆ ಕನ್ನಡವೇ, ಬೇರೆ ಆಯ್ಕೆ ಇಲ್ಲ. ‘125ಕ್ಕೆ 125 ಬೇಕಾದವರು ಬೇರೆ ಕಡೆ ಹೋಗುತ್ತಾರೆ, ಪ್ರತಿ ವರ್ಷ ಏಳೆಂಟು ಮಕ್ಕಳು ಏಳನೇ ಮುಗಿಸಿ ಬಿಡುತ್ತಾರೆ’ ಅಂತ ಅವರೇ ಹೇಳಿದರು. ಮುಚ್ಚಿಡಲಿಲ್ಲ.

ನೋಟ್ಸ್ ಕೇಳಿದೆ. ನಾಲ್ಕನೇ ಕ್ಲಾಸಿನ ಒಂದು ಹುಡುಗಿ ಬೆಕ್ಕಿನ ಬಗ್ಗೆ ಬರೆದದ್ದು ಸಿಕ್ಕಿತು. ಬೆಕ್ಕು ಅಜ್ಜಿಯ ಕಪಾಟಲ್ಲಿ, ಮದುವೆ ಸೀರೆಯ ಮೇಲೆ ಮರಿ ಹಾಕಿದೆ, ಅಜ್ಜಿ ಬೈದಿದ್ದಾರೆ, ಅಜ್ಜಿಯ ಬೈಗಳು ಮಾತ್ರ ತುಳುವಿನಲ್ಲಿ, ಕನ್ನಡ ಅಕ್ಷರದಲ್ಲಿ ಹಾಗೇ ಇತ್ತು. ಏಳೆಂಟು ತಪ್ಪು. ಟೀಚರ್ ಎರಡನ್ನು ಮಾತ್ರ ತಿದ್ದಿ ಕೆಳಗೆ ‘ಮರಿ ಎಷ್ಟು?’ ಅಂತ ಬರೆದಿದ್ದರು. ಅದರ ಕೆಳಗೆ ಹುಡುಗಿ ‘4, ಒಂದು ಸತ್ತಿತು’ ಅಂತ ಬರೆದಿದ್ದಾಳೆ.

ಎಲ್‌ಕೆಜಿಗೆ ಹೆಸರು ಕೊಟ್ಟು ಬಂದೆವು. ಲ್ಯಾಬ್ ಸಣ್ಣದು, ಕಂಪ್ಯೂಟರ್ ಹಳೆಯದು, ಮೈದಾನ ಪಕ್ಕದ ದೇವಸ್ಥಾನದ್ದು. ಇವರದ್ದು ಒಂದು ಷರತ್ತು ಉಂಟು, ಐದನೇ ಕ್ಲಾಸಿಗೆ ಬಂದಾಗ ಪುನಃ ಕೂತು ಮಾತಾಡಬೇಕು ಅಂತ. ಸರಿ ಅಂದೆ. ಅತ್ತೆಗೆ ಫೀಸು ಕೇಳಿ ಅರ್ಧ ಸಮಾಧಾನ.

ಸುರತ್ಕಲ್ ತಾಯಿ:
ಆ ಹಾಳೆಯ ಫೋಟೋ ಒಂದು ಹಾಕಿ ಅಕ್ಕ, ಶಾಲೆಯ ಹೆಸರು ಅಳಿಸಿ. ನಮ್ಮ ಪೇರೆಂಟ್ಸ್ ಮೀಟಿಂಗಿಗೆ ತೆಗೆದುಕೊಂಡು ಹೋಗುತ್ತೇನೆ. ಈ ಸಲ ಕೈ ಎತ್ತುತ್ತೇನೆ.

ಬ್ರಹ್ಮಾವರ ಪೇಟೆ:
ವ್ಯಾನ್ ಎಲ್ಲಿ ತನಕ ಬರುತ್ತದೆ? ನಮ್ಮ ಅಣ್ಣನ ಮಗುವಿಗೂ ನೋಡಬಹುದಿತ್ತು.

ಕಟಪಾಡಿ ಅಮ್ಮ:
ವ್ಯಾನ್ ನಮ್ಮ ಕಡೆ ಮಾತ್ರ ಅಣ್ಣ, ಅದೂ ಹೈವೇ ತನಕ. ಅಲ್ಲಿಂದ ಮನೆಗೆ ಅತ್ತೆ ಕರೆದುಕೊಂಡು ಬರುತ್ತಾರಂತೆ, ದಾರಿಯಲ್ಲಿ ಪೂರ್ತಿ ಕೊಂಕಣಿ.